ಬೊಜ್ಜ ಮುಗಿದ ಮೇಲಿನ ಬೋಜಾ

ಕರಾವಳಿಯಿಂದ ಬಂದ ನಮ್ಮ ಮನೆಗಳಲ್ಲಿ ‘ಬೊಜ್ಜ’ ಎಂದರೆ ಉತ್ತರಕ್ರಿಯೆ. ಅಗಲಿದವರಿಗೂ ಉಳಿದವರಿಗೂ ನಡುವಣ ಲೌಕಿಕ ಲೆಕ್ಕ ಆ ದಿನಕ್ಕೆ ಮುಗಿಯಿತೆಂದು ನಾವು ನಂಬುತ್ತೇವೆ. ಮಹಾರಾಷ್ಟ್ರದ ಕಂದಾಯ ಕಚೇರಿಗಳಲ್ಲಿ ‘ಬೋಜಾ’ ಎಂದರೆ ಆಸ್ತಿಯ ಮೇಲೆ ಏರಿಸಿದ ಋಣಭಾರ. ಸಾತ್‌ಬಾರಾ ಪತ್ರದ ‘ಇತರ ಹಕ್ಕು’ಗಳ ಅಂಕಣದಲ್ಲಿ ಕಾಣುವ ಮಾತು. ಫ್ಲಾಟಾದರೆ ಅದೇ ಭಾರ ಸೊಸೈಟಿಯ ಪುಸ್ತಕದಲ್ಲಿ ‘ಲೀನ್’ ಎಂಬ ಹೆಸರು ಹೊತ್ತು ಕೂತಿರುತ್ತದೆ. ಈ ಎರಡು ಪದಗಳಿಗೆ ವ್ಯುತ್ಪತ್ತಿಯ ನಂಟಿದೆಯೆಂದು ನಾವು ವಾದಿಸುವುದಿಲ್ಲ. ಆದರೆ ಮುಂಬಯಿ ಕನ್ನಡಿಗರ ಬದುಕಿನಲ್ಲಿ ಬೊಜ್ಜ ಮುಗಿದು ಎಷ್ಟೋ ವರ್ಷಗಳಾದ ಮೇಲೆ ಬೋಜಾ ಬಂದು ಬಾಗಿಲು ತಟ್ಟುವ ಒಂದು ಬಗೆಯಿದೆ. ಅದನ್ನು ಕುರಿತು ಇಲ್ಲಿ ಬರೆಯುತ್ತಿದ್ದೇವೆ.

ವಂಚನೆಯ ಸ್ವರೂಪ ಸರಳ. ಮನೆಯ ಯಜಮಾನ ತೀರಿಕೊಂಡಿದ್ದಾನೆ. ಮನೆ ಇನ್ನೂ ಆತನ ಹೆಸರಿನಲ್ಲಿದೆ. ಬೇರೆ ಯಾವನೋ ಒಬ್ಬ ಆತನ ಹೆಸರಿನಲ್ಲಿ ಗುರುತಿನ ಚೀಟಿ ಮಾಡಿಸಿಕೊಂಡು, ತನ್ನ ಮುಖವನ್ನು ಆ ಹೆಸರಿಗೆ ಅಂಟಿಸಿ, ಉಪನೋಂದಣಾಧಿಕಾರಿಯ ಮುಂದೆ ಹೆಬ್ಬೆಟ್ಟೊತ್ತಿ, ಮನೆಯನ್ನು ಅಡವಿಟ್ಟು ಸಾಲ ಎತ್ತುತ್ತಾನೆ. ಒಂದೆರಡು ಕಂತು ಕಟ್ಟಿ ಮಾಯವಾಗುತ್ತಾನೆ. ಆಮೇಲೆ ಸತ್ತವನ ವಿಳಾಸಕ್ಕೆ ಬ್ಯಾಂಕಿನ ನೋಟೀಸು ಬರುತ್ತದೆ. ಅಲ್ಲಿಂದ ಮುಂದೆ ತಾವು ಸಾಲಗಾರರಲ್ಲವೆಂದು ಸಾಬೀತುಪಡಿಸುವ ಕೆಲಸ ಆತನ ಹೆಂಡತಿ ಮಕ್ಕಳದು.

ನಮ್ಮ ವಾದ ಇಷ್ಟೇ: ಈ ಋಣ ತೀರಿಸಬೇಕಾದುದಲ್ಲ, ಅಳಿಸಬೇಕಾದುದು. ಅದನ್ನು ಅಳಿಸುವ ಶ್ರಮ, ಕಾಲ, ಹಣ ಮೂರನ್ನೂ ವಾರಸುದಾರರ ತಲೆಗೆ ಕಟ್ಟಿರುವ ಈಗಿನ ವ್ಯವಸ್ಥೆ ಅನ್ಯಾಯದ್ದು. ‘ನೀವೇ ಎಚ್ಚರವಾಗಿರಬೇಕಿತ್ತು’ ಎಂಬ ಉಪದೇಶ ಆ ಅನ್ಯಾಯಕ್ಕೆ ಹೊದಿಸಿದ ಶಾಲು.

ಕುರ್ಲಾವನ್ನೇ ಏಕೆ ಮುಂದಿಡುತ್ತೇವೆಂದರೆ, ಈ ಅಪಾಯದ ಎರಡೂ ತುದಿಗಳು ಇಲ್ಲಿ ಕೂಡುತ್ತವೆ. 1990ರ ಅಕ್ಟೋಬರ್ 1ರಂದು ಮುಂಬಯಿ ಉಪನಗರ ಜಿಲ್ಲೆ ಹುಟ್ಟಿದಾಗ ಅಂಧೇರಿ, ಬೋರಿವಲಿಗಳೊಂದಿಗೆ ಕುರ್ಲಾವೂ ಅದರ ತಾಲೂಕಾಯಿತು; ಘಾಟ್‌ಕೋಪರ್, ಚೆಂಬೂರು, ಮುಲುಂಡಿನವರ ಮನೆಗಳ ಕಾಗದಗಳಲ್ಲೂ ‘ತಾಲೂಕು ಕುರ್ಲಾ’ ಎಂದೇ ಇರುತ್ತದೆ. ಗಿರಣಿ, ಮೋಟಾರು ಕಾರ್ಖಾನೆ, ಹೊಟೇಲು, ಕ್ಯಾಂಟೀನುಗಳಲ್ಲಿ ದುಡಿದ ಒಂದು ತಲೆಮಾರು ಚಾಳಿನ ಖೋಲಿಯಿಂದ ನೆಹರೂ ನಗರದಂಥ ಕಾಲೊನಿಯ ಸಣ್ಣ ಮನೆಗೆ ಬಂದದ್ದು ಈ ತಾಲೂಕಿನಲ್ಲೇ. ಬಂಟರ ಸಂಘದ ಭವನ ಇರುವುದೂ ಕುರ್ಲಾ ಪೂರ್ವದಲ್ಲಿ. ಊರಿಗೆ ಹೋಗುವ ಮತ್ಸ್ಯಗಂಧ ರೈಲು ಹೊರಡುವುದೂ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಿಂದ. ಕೊಂಕಣ ರೈಲ್ವೆಯ ದಾರಿ 1998ರಲ್ಲಿ ಪೂರ್ತಿ ತೆರೆದ ಮೇಲೆ ದುಡಿದು ದಣಿದವರಿಗೆ ಕೊನೆಗಾಲದಲ್ಲಿ ಊರಿಗೆ ಮರಳುವುದು ಸುಲಭವಾಯಿತು. ಹಾಗೆ ಮರಳಿದವರು ಅಲ್ಲಿಯೇ ತೀರಿಕೊಳ್ಳುತ್ತಾರೆ. ಮರಣ ದಾಖಲಾಗುವುದು ಉಡುಪಿಯ ಕಡೆಯದೊಂದು ಗ್ರಾಮ ಪಂಚಾಯತಿಯಲ್ಲೋ ಮಂಗಳೂರಿನ ಆಸ್ಪತ್ರೆಯ ಮೂಲಕವೋ. ಮನೆ ದಾಖಲಾಗಿರುವುದು ಕುರ್ಲಾದ ಉಪನೋಂದಣಿ ಕಚೇರಿಯಲ್ಲಿ. ರೈಲು ಒಂದು ರಾತ್ರಿಯಲ್ಲಿ ದಾಟುವ ದಾರಿಯನ್ನು ಆ ಮರಣದ ಸುದ್ದಿ ಕಚೇರಿಯಿಂದ ಕಚೇರಿಗೆ ತಾನಾಗಿ ದಾಟುವುದಿಲ್ಲ. ಕರ್ನಾಟಕದಲ್ಲಿ ಸತ್ತವನು ಮಹಾರಾಷ್ಟ್ರದ ಕಾಗದದಲ್ಲಿ ಬದುಕಿಯೇ ಇರುತ್ತಾನೆ. ವಂಚಕನಿಗೆ ಬೇಕಾದುದು ಅಂಥ ಮನುಷ್ಯನೇ: ಕಾಗದದಲ್ಲಿ ಜೀವಂತ, ನೆಲದ ಮೇಲೆ ಇಲ್ಲ, ಮಕ್ಕಳು ಮಸ್ಕತ್ತಿನಲ್ಲೋ ಬೆಂಗಳೂರಿನಲ್ಲೋ, ಮನೆಗೆ ಬೀಗ.

ಹೆಸರಿನ ತೊಡಕು ಬೇರೆ. ಊರಿನಲ್ಲಿ ಹಿಂದಿನ ತಲೆಮಾರಿನವರು ಬರೆಯುತ್ತಿದ್ದುದು ಮನೆತನದ ಅಥವಾ ಊರಿನ ಮೊದಲಕ್ಷರ, ತನ್ನ ಹೆಸರು, ಉಪನಾಮ. ಮುಂಬಯಿಯ ವಾಡಿಕೆ ತನ್ನ ಹೆಸರು, ತಂದೆಯ ಹೆಸರು, ಉಪನಾಮ. ಗಿರಣಿಯ ಹಾಜರಿ ಪಟ್ಟಿಯಲ್ಲಿ ಗುಮಾಸ್ತ ಬರೆದ ಕಾಗುಣಿತ ಪಡಿತರ ಚೀಟಿಗೆ ಹೋಗಿ, ಅಲ್ಲಿಂದ ಸೊಸೈಟಿಯ ಶೇರು ಪತ್ರಕ್ಕೆ ಇಳಿದಿರುತ್ತದೆ. ಮರಣ ಪ್ರಮಾಣಪತ್ರದ ಹೆಸರು ಊರಿನದು, ಮನೆಯ ಪತ್ರದ ಹೆಸರು ಮುಂಬಯಿಯದು. ಇವರಿಬ್ಬರೂ ಒಬ್ಬನೇ ಎಂದು ಮಕ್ಕಳು ಅಫಿಡವಿಟ್ಟು ಸಲ್ಲಿಸಬೇಕು. ಇತ್ತ ವಂಚಕನ ಕಡತ ನೋಡಿ: ಎಲ್ಲ ಚೀಟಿಗಳಲ್ಲಿ ಒಂದೇ ಕಾಗುಣಿತ, ಒಂದೇ ವಿಳಾಸ, ಒಂದೇ ಜನ್ಮದಿನಾಂಕ, ಒಂದೇ ದಿನ ತಯಾರಾದಂಥ ಒಪ್ಪ. ಕಚೇರಿಗೆ ನಿಜವಾದ ಬದುಕಿಗಿಂತ ಸುಳ್ಳು ಕಡತವೇ ಹೆಚ್ಚು ನಂಬಲರ್ಹವಾಗಿ ತೋರುವುದು ಇದರಿಂದಲೇ.

ಆಧಾರ್ ಬಂದ ಮೇಲೆ ಇದೆಲ್ಲ ನಿಂತಿತೆಂದು ಹೇಳುವವರಿದ್ದಾರೆ. ಮೊದಲ ಆಧಾರ್ ಸಂಖ್ಯೆ ಕೊಟ್ಟದ್ದು 2010ರಲ್ಲಿ. 2025ರ ಜುಲೈಯಲ್ಲಿ ಕೇಂದ್ರ ಸರಕಾರವೇ ತಿಳಿಸಿದಂತೆ, ನಾಗರಿಕ ನೋಂದಣಿ ವ್ಯವಸ್ಥೆಯನ್ನು ಬಳಸುವ 24 ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳಿಂದ ಸುಮಾರು 1.55 ಕೋಟಿ ಮರಣ ದಾಖಲೆಗಳನ್ನು ತರಿಸಿಕೊಂಡು, ಪರಿಶೀಲಿಸಿ, ಸುಮಾರು 1.17 ಕೋಟಿ ಸಂಖ್ಯೆಗಳನ್ನು ನಿಷ್ಕ್ರಿಯಗೊಳಿಸಲಾಯಿತು. ಅದೇ ವರ್ಷದ ನವೆಂಬರ್ ಹೊತ್ತಿಗೆ ಆ ಎಣಿಕೆ 2 ಕೋಟಿ ದಾಟಿತು. ಒಳ್ಳೆಯ ಕೆಲಸ. ಆದರೆ ಇದೇ ಅಂಕಿಯನ್ನು ಇನ್ನೊಂದು ಬದಿಯಿಂದಲೂ ಓದಬೇಕು: ಅಲ್ಲಿಯ ತನಕ ಕೋಟ್ಯಂತರ ಮೃತರ ಗುರುತು ಸರಕಾರದ ಯಂತ್ರದಲ್ಲಿ ಉಸಿರಾಡುತ್ತಲೇ ಇತ್ತು. ಕುಟುಂಬದವರು ತಾವಾಗಿ ಮರಣ ತಿಳಿಸುವ ಸೌಲಭ್ಯ ಆಧಾರ್ ಜಾಲತಾಣದಲ್ಲಿ ಬಂದದ್ದು ಕೂಡ 2025ರ ಜೂನ್‌ನಲ್ಲಿ. ಹದಿನೈದು ವರ್ಷ ಸರಕಾರಕ್ಕೆ ಸಾಧ್ಯವಾಗದ ಎಚ್ಚರವನ್ನು ವಿಧವೆಯೊಬ್ಬಳಿಂದ ನಿರೀಕ್ಷಿಸುವುದು ಯಾವ ನ್ಯಾಯ?

ಈಗ ನೋಂದಣಿಯ ಕಾನೂನಿಗೆ ಬರೋಣ. 1908ರ ನೋಂದಣಿ ಕಾಯಿದೆಯ 34ನೆಯ ಕಲಮು ದಸ್ತಾವೇಜು ತಂದವನ ಗುರುತನ್ನು ಅಧಿಕಾರಿ ತನಗೆ ತೃಪ್ತಿಯಾಗುವಂತೆ ವಿಚಾರಿಸಬೇಕೆನ್ನುತ್ತದೆ. 2001ರ ತಿದ್ದುಪಡಿಯಿಂದ ಬಂದ 32ಎ ಕಲಮಿನಂತೆ ಭಾವಚಿತ್ರವನ್ನೂ ಬೆರಳಚ್ಚನ್ನೂ ಅಂಟಿಸಬೇಕು. ಸುಳ್ಳು ಗುರುತಿನಿಂದ ಹಾಜರಾದವನಿಗೆ 82ನೆಯ ಕಲಮಿನಡಿ ಏಳು ವರ್ಷದವರೆಗೆ ಸಜೆಯುಂಟು. ಅಧಿಕಾರಿಗೆ? 86ನೆಯ ಕಲಮು ಸದ್ಭಾವನೆಯಿಂದ ಮಾಡಿದ ಕೆಲಸಕ್ಕೆ ಅವರನ್ನು ಹೊಣೆ ಮಾಡುವುದಿಲ್ಲ. ಸದ್ಭಾವನೆಗೆ ರಕ್ಷಣೆ ಬೇಡವೆಂದು ನಾವೂ ಹೇಳುವುದಿಲ್ಲ. ಆದರೆ ಅಧಿಕಾರಿಯ ಸದ್ಭಾವನೆಯ ಬೆಲೆಯನ್ನು ಮೂರನೆಯವರು ತೆರಬೇಕಾದಾಗ ಅದಕ್ಕೆ ಪರಿಹಾರವೊಂದಿರಬೇಡವೇ?

ಇಲ್ಲ. ನಮ್ಮಲ್ಲಿ ಸರಕಾರ ನೋಂದಾಯಿಸುವುದು ದಸ್ತಾವೇಜನ್ನು; ಒಡೆತನವನ್ನಲ್ಲ. ಯಾರ ಒಡೆತನಕ್ಕೂ ಅದು ಜಾಮೀನು ನಿಲ್ಲುವುದಿಲ್ಲ. ಹೀಗಿದ್ದೂ ಒಮ್ಮೆ ನೋಂದಾಯಿತವಾದ ಕಾಗದ ಸಿಂಧುವೆಂಬ ಊಹೆ ನ್ಯಾಯಾಲಯದಲ್ಲಿ ನಡೆಯುತ್ತದೆ. ಅಲ್ಲವೆಂದು ತೋರಿಸುವ ಭಾರ ಅಲ್ಲವೆನ್ನುವವನದು. ಸುಪ್ರೀಂ ಕೋರ್ಟು 2006ರಲ್ಲಿ ಇದನ್ನು ಸ್ಪಷ್ಟಪಡಿಸಿತು. ಒಮ್ಮೆ ನೋಂದಾಯಿಸಿದ ದಸ್ತಾವೇಜನ್ನು ನೋಂದಣಾಧಿಕಾರಿ ತಾನೇ ರದ್ದು ಮಾಡಲಾರನೆಂದು 2016ರಲ್ಲಿ ಇನ್ನೊಂದು ತೀರ್ಪು ಬಂದಿತು. ಅಂದರೆ ಕಾಗದವನ್ನು ಹತ್ತು ನಿಮಿಷದಲ್ಲಿ ಒಳಗೆ ಬಿಟ್ಟುಕೊಂಡ ಕಚೇರಿಗೆ ಅದನ್ನು ಹೊರಗೆ ಹಾಕುವ ಅಧಿಕಾರವಿಲ್ಲ. ಸತ್ತ ದಿನಾಂಕವನ್ನು ತೋರಿಸಿ ‘ಸತ್ತ ಮೇಲೆ ಹೆಬ್ಬೆಟ್ಟೊತ್ತಲು ಹೇಗೆ ಸಾಧ್ಯ?’ ಎಂದು ಕೇಳಿದರೆ, ‘ಕೋರ್ಟಿಗೆ ಹೋಗಿ’ ಎನ್ನುವುದು ಆ ಮೇಜಿನ ಹಿಂದಿನವರಿಗೆ ಕಾನೂನೇ ಕಲಿಸಿದ ಉತ್ತರ.

ಕರ್ನಾಟಕ ಈ ವಿಷಯದಲ್ಲಿ ಒಂದು ಹೆಜ್ಜೆ ಇಟ್ಟಿದೆ. 2023ರಲ್ಲಿ ವಿಧಾನಮಂಡಲ ಒಪ್ಪಿ 2024ರಲ್ಲಿ ಜಾರಿಗೆ ಬಂದ ತಿದ್ದುಪಡಿ ನಕಲಿ ದಸ್ತಾವೇಜಿನ ನೋಂದಣಿಯನ್ನು ರದ್ದುಪಡಿಸುವ ಅಧಿಕಾರವನ್ನು ಜಿಲ್ಲಾ ನೋಂದಣಾಧಿಕಾರಿಗೆ ಕೊಟ್ಟಿದೆ. ಊರಿನ ತೋಟಕ್ಕೆ ದೊರೆಯುವ ಆ ರಕ್ಷೆ ಕುರ್ಲಾದ ಮನೆಗೆ ಅನ್ವಯಿಸದು. ತಮಿಳುನಾಡು ಇಂಥದೇ ಅಧಿಕಾರವನ್ನು 77ಎ ಎಂಬ ಕಲಮಿನಿಂದ 2022ರಲ್ಲಿ ತಂದಿತ್ತು; ಮದರಾಸು ಹೈಕೋರ್ಟು 2024ರಲ್ಲಿ ಅದನ್ನು ಸಂವಿಧಾನ ವಿರುದ್ಧವೆಂದು ತಳ್ಳಿಹಾಕಿತು. ಆ ತೀರ್ಪಿನ ಹಿಂದಿನ ಆತಂಕ ನಮಗೆ ಅರ್ಥವಾಗುತ್ತದೆ. ಯಾರು ಒಡೆಯನೆಂದು ನಿರ್ಣಯಿಸುವ ಅಧಿಕಾರವನ್ನು ಗುಮಾಸ್ತಿಕೆಯ ಕಚೇರಿಗೆ ಕೊಟ್ಟರೆ ವಂಚಕನೇ ಅದನ್ನು ಮೊದಲು ಬಳಸಿಯಾನು. ಆದ್ದರಿಂದ ನಾವು ಕೇಳುವುದು ರದ್ದತಿಯನ್ನಲ್ಲ, ಒಂದು ಷರಾವನ್ನು. ದಸ್ತಾವೇಜಿನ ದಿನಾಂಕಕ್ಕಿಂತ ಹಿಂದಿನ ದಿನಾಂಕದ ಮರಣ ಪ್ರಮಾಣಪತ್ರ ಸಲ್ಲಿಸಿದ ಕೂಡಲೇ, ಆ ಪ್ರಮಾಣಪತ್ರ ಅಸಲಿಯೆಂದು ನೀಡಿದ ಕಚೇರಿಯಿಂದ ಖಚಿತಪಡಿಸಿಕೊಂಡು, ‘ಬರೆದುಕೊಟ್ಟವನು ಅಂದು ಜೀವಂತವಿರಲಿಲ್ಲವೆಂಬ ದಾಖಲೆ ಸಲ್ಲಿಕೆಯಾಗಿದೆ’ ಎಂದು ಇಂಡೆಕ್ಸ್-2ರಲ್ಲಿ ಒಂದು ಸಾಲು ಬರೆಯಲಿ. ಒಡೆತನವನ್ನು ಕೋರ್ಟು ನಿರ್ಣಯಿಸಲಿ. ಆ ಸಾಲು ಇರುವವರೆಗೆ ಆ ಕಾಗದದ ಬಲದಿಂದ ಹೊಸ ಮಾರಾಟವಾಗಲಿ ಹರಾಜಾಗಲಿ ನಡೆಯದಿರಲಿ. ಇದಕ್ಕೆ ಯಾವ ಸಂವಿಧಾನ ಅಡ್ಡಬರುತ್ತದೆ?

ಬ್ಯಾಂಕಿನ ಪಕ್ಷವನ್ನೂ ಕೇಳಬೇಕು. ‘ನಾವೂ ಮೋಸಹೋದವರು, ಸಾಲ ಕೊಟ್ಟದ್ದು ಠೇವಣಿದಾರರ ಹಣ’ ಎಂಬುದು ಅವರ ವಾದ. ಠೇವಣಿದಾರರಲ್ಲಿ ನಾವೂ ಇದ್ದೇವೆ. ಆ ಹಣದ ಮೇಲೆ ನಮಗೂ ಕಾಳಜಿಯಿದೆ. ಆದರೆ ಅಡವಿನ ಕಾನೂನಿನ ಅಡಿಗಲ್ಲು, ಅಡವಿಡುವವನಿಗೆ ಇಲ್ಲದ ಹಕ್ಕು ಅಡವು ಹಿಡಿದವನಿಗೆ ಬರಲಾರದು ಎಂಬುದು. ಕಳ್ಳ ನಮ್ಮ ಎಮ್ಮೆಯನ್ನು ಸಂತೆಯಲ್ಲಿ ಅಡವಿಟ್ಟರೆ ಎಮ್ಮೆ ಸಾಹುಕಾರನದಾಗುವುದಿಲ್ಲ. ಇಷ್ಟು ಹಳ್ಳಿಯ ಪಂಚಾಯತಿಗೂ ಗೊತ್ತು.

ಮುಂಬಯಿಗೆ ಈ ವಿಷಯದಲ್ಲಿ ಒಂದು ವಿಶೇಷ ಇತಿಹಾಸವೂ ಇದೆ. 1882ರ ಆಸ್ತಿ ವರ್ಗಾವಣೆ ಕಾಯಿದೆಯ 58(ಎಫ್) ಕಲಮು ಕಲಕತ್ತ, ಮದರಾಸು, ಬೊಂಬಾಯಿ ನಗರಗಳನ್ನು ಹೆಸರಿಸಿ, ಅಲ್ಲಿ ಒಡೆತನದ ಪತ್ರಗಳನ್ನು ಸಾಲಗಾರನ ಕೈಯಿಂದ ಸಾಲಿಗನ ಕೈಗೆ ಒಪ್ಪಿಸಿದರೇ ಅಡವು ಆಯಿತೆಂದು ಒಪ್ಪಿಕೊಂಡಿತು. ವ್ಯಾಪಾರಿ ನಗರಗಳ ಅವಸರಕ್ಕಾಗಿ ಮಾಡಿದ ಸೌಕರ್ಯವಿದು, ನೋಂದಣಿಯ ರಗಳೆಯಿಲ್ಲ. ಸತ್ತವನ ಕಪಾಟಿನಿಂದ ಪತ್ರ ಕದ್ದವನಿಗೂ, ‘ಮೂಲ ಪತ್ರ ಕಳೆದಿದೆ’ ಎಂದು ಪೊಲೀಸು ದೂರು ಕೊಟ್ಟು ನಕಲು ತೆಗೆಸಿದವನಿಗೂ ಈ ಸೌಕರ್ಯ ಒದಗಿತು. ಪತ್ರ ಕಳೆದ ಬಗ್ಗೆ ಆಕ್ಷೇಪಣೆ ಕರೆಯುವ ಜಾಹೀರು ನೋಟೀಸನ್ನು ವಾಡಿಕೆಯಂತೆ ಒಂದು ಇಂಗ್ಲಿಷ್, ಒಂದು ಮರಾಠಿ ಪತ್ರಿಕೆಯಲ್ಲಿ ಹಾಕಿಸುತ್ತಾರೆ. ಊರಿನಲ್ಲಿ ಕನ್ನಡ ಪತ್ರಿಕೆ ಓದುವ ತಾಯಿಗೆ ಅದು ಹೇಗೆ ಕಾಣಬೇಕು? ಕಾಣಲಿಲ್ಲವೆಂದರೆ ಆಕ್ಷೇಪಣೆಯಿಲ್ಲವೆಂದು ಲೆಕ್ಕ.

2011ರ ಮಾರ್ಚ್ 31ರಿಂದ ಅಡವುಗಳ ಕೇಂದ್ರ ನೋಂದಣಿ, ಅಂದರೆ ಸೆರ್ಸಾಯ್, ನಡೆಯುತ್ತಿದೆ. ಶುಲ್ಕ ಕಟ್ಟಿದರೆ ಯಾರು ಬೇಕಾದರೂ ಅಲ್ಲಿ ಹುಡುಕಬಹುದು. ಮಹಾರಾಷ್ಟ್ರದಲ್ಲಿ 2013ರಿಂದ, ಪತ್ರ ಒಪ್ಪಿಸಿ ಮಾಡಿದ ಅಡವಿನ ಸೂಚನೆಯನ್ನೂ 30 ದಿನಗಳೊಳಗೆ ನೋಂದಣಿ ಕಚೇರಿಗೆ ಸಲ್ಲಿಸಬೇಕು. ಎರಡೂ ಒಳ್ಳೆಯ ಸುಧಾರಣೆಗಳೇ. ಆದರೆ ಎರಡೂ ಯಾರಿಗಾಗಿ ಹುಟ್ಟಿದವೆಂದು ನೋಡಿ: ಒಂದೇ ಮನೆಯ ಮೇಲೆ ಎರಡು ಬ್ಯಾಂಕುಗಳು ಸಾಲ ಕೊಟ್ಟು ಕೈಸುಟ್ಟುಕೊಳ್ಳದಿರಲಿ ಎಂದು. ಮನೆಯ ಒಡೆಯನಿಗೆ ‘ನಿನ್ನ ಮನೆಯ ಮೇಲೆ ಅಡವು ಬಿದ್ದಿದೆ’ ಎಂದು ತಾನಾಗಿ ತಿಳಿಸುವ ಕರ್ತವ್ಯ ಅವುಗಳ ಮೂಲ ಉದ್ದೇಶದಲ್ಲಿ ಇರಲಿಲ್ಲ. ಇಂಗ್ಲೆಂಡಿನ ಭೂ ನೋಂದಣಿ ಇಲಾಖೆ ಹತ್ತು ಆಸ್ತಿಗಳವರೆಗೆ ಉಚಿತವಾಗಿ ಇಂಥ ಎಚ್ಚರಿಕೆಯ ಸಂದೇಶ ಕಳಿಸುತ್ತದೆ. ಆಸ್ತಿ ನಿಮ್ಮ ಹೆಸರಿನದೇ ಆಗಿರಬೇಕೆಂದಿಲ್ಲ, ತೀರಿಕೊಂಡ ಅಪ್ಪನ ಮನೆಯನ್ನು ಮಗಳು ಕಾವಲು ಕಾಯಬಹುದು. ನೋಂದಣಿಯ ತಪ್ಪಿನಿಂದ ನಷ್ಟವಾದರೆ ಅಲ್ಲಿ ಸರಕಾರ ಪರಿಹಾರ ಕೊಡುವ ವ್ಯವಸ್ಥೆಯೂ ಇದೆ. ಕೆನಡಾದ ಒಂಟಾರಿಯೋ ಮೇಲ್ಮನವಿ ನ್ಯಾಯಾಲಯ 2007ರಲ್ಲಿ ಕೊಟ್ಟ ತೀರ್ಪಂತೂ ನಮ್ಮ ವಾದದ ತಿರುಳನ್ನೇ ಹೇಳುತ್ತದೆ. ಒಡತಿಯ ಹೆಸರಿನಲ್ಲಿ ಬೇರೊಬ್ಬಳು ಸಹಿ ಹಾಕಿ ಮನೆ ಮಾರಿದ್ದಳು. ಕೊಂಡವನೆನಿಸಿಕೊಂಡವನು ಅದನ್ನು ಅಡವಿಟ್ಟಿದ್ದ. ವಂಚಕನೊಡನೆ ನೇರ ವ್ಯವಹರಿಸಿದ ಸಾಲದ ಸಂಸ್ಥೆಗೆ ಮೋಸವನ್ನು ಪತ್ತೆಹಚ್ಚುವ ಅವಕಾಶವಿತ್ತು, ಒಡತಿಗೆ ಯಾವ ಅವಕಾಶವೂ ಇರಲಿಲ್ಲ; ಆದ್ದರಿಂದ ಅಡವು ಬಿದ್ದುಹೋಯಿತು. ಮುಖ ನೋಡಿದವನು ಹೊಣೆ ಹೊರಲಿ ಎಂಬುದು ಆ ತೀರ್ಪಿನ ನೀತಿ. ಕುರ್ಲಾದ ಮನೆಯ ಸಾಲಕ್ಕೆ ಮುಖ ನೋಡಿದವರು ಯಾರು? ಬ್ಯಾಂಕಿನ ಅಧಿಕಾರಿ, ಅವರ ಪ್ಯಾನೆಲ್ ವಕೀಲರು, ಮನೆಯ ಬೆಲೆ ಕಟ್ಟಲು ಬಂದ ಮೌಲ್ಯಮಾಪಕ. ಪಕ್ಕದ ಬಾಗಿಲು ತಟ್ಟಿ ‘ಇವರು ಇದ್ದಾರೆಯೇ?’ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಮುಂಬಯಿಯ ಚಾಳಿನಲ್ಲಾಗಲಿ ಸೊಸೈಟಿಯಲ್ಲಾಗಲಿ ಯಾರು ಸತ್ತರು ಯಾರು ಬದುಕಿದ್ದಾರೆಂಬುದು ಗುಟ್ಟಲ್ಲ.

2002ರ ಸರ್ಫೇಸಿ ಕಾಯಿದೆ ಬ್ಯಾಂಕಿನ ಕೈಗೆ ಕೊಟ್ಟ ಅಸ್ತ್ರದ ವೇಗವನ್ನು ಗಮನಿಸಿ. 13(2)ರ ನೋಟೀಸು, 60 ದಿನ, ಆಮೇಲೆ ಕೋರ್ಟಿನ ಮೆಟ್ಟಿಲು ಹತ್ತದೆಯೇ ಸ್ವಾಧೀನ. ಆ ನೋಟೀಸು ಹೋಗುವುದು ಸತ್ತವನ ಹೆಸರಿಗೆ. ಬಾಗಿಲಿಗೆ ಅಂಟಿಸಿದ್ದನ್ನು ನೆರೆಯವರು ಕಂಡು ಫೋನು ಮಾಡುವ ಹೊತ್ತಿಗೆ ಅರ್ಧ ಅವಧಿ ಮುಗಿದಿರುತ್ತದೆ. ಆಕ್ಷೇಪಣೆಗೆ ಬ್ಯಾಂಕು 15 ದಿನಗಳಲ್ಲಿ ಉತ್ತರಿಸಬೇಕು. ಆ ಉತ್ತರ ಒಪ್ಪಿಗೆಯಾಗದಿದ್ದರೆ ಅಷ್ಟಕ್ಕೇ ದಾವೆ ಹೂಡುವಂತಿಲ್ಲ. ಸ್ವಾಧೀನದ ಕ್ರಮ ಶುರುವಾದ ಮೇಲೆ 45 ದಿನಗಳೊಳಗೆ ಸಾಲ ವಸೂಲಿ ನ್ಯಾಯಮಂಡಳಿಗೆ ಹೋಗಬೇಕು. ಸಾಲವೇ ಮಾಡದವನು ಸಾಲ ವಸೂಲಿ ನ್ಯಾಯಮಂಡಳಿಯ ಮುಂದೆ ಕೈಕಟ್ಟಿ ನಿಲ್ಲುವುದೇ ಒಂದು ವಿಡಂಬನೆ.

ಸಿವಿಲ್ ಕೋರ್ಟಿಗೆ ಹೋದರೆ ಬ್ಯಾಂಕಿನ ವಕೀಲರು ಮೊದಲು ಎತ್ತುವುದು 34ನೆಯ ಕಲಮನ್ನು: ಸಿವಿಲ್ ಕೋರ್ಟಿಗೆ ಇಲ್ಲಿ ಅಧಿಕಾರವಿಲ್ಲ. ಈ ತಡೆಗೋಡೆಯಲ್ಲಿ 2004ರ ಮಾರ್ಡಿಯಾ ಕೆಮಿಕಲ್ಸ್ ತೀರ್ಪು ವಂಚನೆಯ ಪ್ರಕರಣಗಳಿಗೆ ಒಂದು ಸಣ್ಣ ಕಿಂಡಿ ಬಿಟ್ಟಿತ್ತು. 2025ರ ಜನವರಿ 9ರಂದು ಸುಪ್ರೀಂ ಕೋರ್ಟು ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾದ ಮೇಲ್ಮನವಿಯೊಂದರಲ್ಲಿ ಬಾಗಿಲನ್ನೇ ತೆರೆಯಿತು. ಅಲ್ಲಿಯ ಸಂಗತಿ ನಮ್ಮದಕ್ಕೆ ಬಲು ಹತ್ತಿರದ್ದು. ಮಾವ ತೀರಿಕೊಂಡ ಮೇಲೆ ಕುಟುಂಬದ ಜಮೀನಿನಲ್ಲಿ ಸೊಸೆಗೂ ಪಾಲಿತ್ತು. ಮೈದುನನೊಬ್ಬ ಅದನ್ನು ನಿವೇಶನಗಳಾಗಿ ಮಾರಿದ. ಕೊಂಡವನು ಬ್ಯಾಂಕಿನಲ್ಲಿ ಅಡವಿಟ್ಟ. ಇಲ್ಲಿ ಗುರುತಿನ ಕಳವು ಇರಲಿಲ್ಲ, ಇದ್ದುದು ಹಕ್ಕಿಲ್ಲದವನ ಮಾರಾಟ. ಆದರೆ ಸತ್ತವರ ಆಸ್ತಿಯ ಮೇಲೆ ಹಕ್ಕಿಲ್ಲದವನಿಂದ ಹುಟ್ಟಿದ ಅಡವು ಎಂಬುದು ಎರಡಕ್ಕೂ ಸಮಾನ. ಆ ಮಾರಾಟವೂ ಅಡವೂ ಕಾನೂನುಬಾಹಿರವೆಂದು ಘೋಷಿಸುವ ಅಧಿಕಾರ ಸಿವಿಲ್ ಕೋರ್ಟಿನದೇ, ನ್ಯಾಯಮಂಡಳಿಯದಲ್ಲ ಎಂದು ಪೀಠ ಹೇಳಿತು. ಒಡೆತನದ ಶೋಧ ವರದಿಗೆ ರಿಸರ್ವ್ ಬ್ಯಾಂಕು ಇತರರೊಡಗೂಡಿ ಒಂದು ಮಾನದಂಡ ರೂಪಿಸಬೇಕು, ಸಾಲ ಮಂಜೂರು ಮಾಡುವ ಅಧಿಕಾರಿಯ ಹೊಣೆಯನ್ನೂ ನಿರ್ಧರಿಸಬೇಕು ಎಂಬ ಸಲಹೆಯನ್ನೂ ಸೇರಿಸಿತು. ಮುಂಬಯಿಯ ಯಾವ ವಕೀಲರಾದರೂ ‘ಸರ್ಫೇಸಿ ಬಂದ ಮೇಲೆ ಸಿವಿಲ್ ದಾವೆ ನಡೆಯದು’ ಎಂದರೆ ಓದುಗರು ಈ ತೀರ್ಪಿನ ದಿನಾಂಕವನ್ನು ಅವರ ಮುಂದಿಡಬೇಕು.

ರಿಸರ್ವ್ ಬ್ಯಾಂಕಿಗೆ ಗಡುವು ಹಾಕಲು ಬಾರದೆಂದಲ್ಲ. ಸಾಲ ತೀರಿದ 30 ದಿನಗಳೊಳಗೆ ಮನೆಯ ಮೂಲ ಪತ್ರ ಮರಳಿಸದ ಬ್ಯಾಂಕು ದಿನಕ್ಕೆ 5,000 ರೂಪಾಯಿ ತೆರಬೇಕೆಂದು ಅದು 2023ರ ಸೆಪ್ಟೆಂಬರಿನಲ್ಲಿ ಆದೇಶಿಸಿತು. ಸಾಲದ ಇತಿಹಾಸದ ವರದಿಯಲ್ಲಿನ ತಪ್ಪನ್ನು 30 ದಿನಗಳಲ್ಲಿ ತಿದ್ದದಿದ್ದರೆ ದಿನಕ್ಕೆ 100 ರೂಪಾಯಿ. ಸಾಲ ಮಾಡಿ ತೀರಿಸಿದವನ ಕಾಗದಕ್ಕೆ ದಿನಕ್ಕಿಷ್ಟೆಂದು ಬೆಲೆ ಕಟ್ಟಿದೆ. ಸಾಲವನ್ನೇ ಮಾಡದವನ ಮನೆಯ ಮೇಲೆ ಸುಳ್ಳು ಭಾರ ಹೊರಿಸಿ ವರ್ಷಗಟ್ಟಲೆ ಇಳಿಸದೆ ಕೂತವರಿಗೆ ಇಂಥದೇ ದಿನದ ಲೆಕ್ಕ ಏಕಿರಬಾರದು?

ಇನ್ನು ನಮ್ಮವರದೇ ಒಂದು ಮಾತಿಗೆ ಉತ್ತರಿಸಬೇಕು. ಸಂಘದ ಹಿರಿಯರು, ಹೊಟೇಲು ನಡೆಸಿ ನಾಲ್ಕು ಕೋರ್ಟು ಕಂಡವರು, ಪ್ರೀತಿಯಿಂದಲೇ ಹೇಳುತ್ತಾರೆ: ‘ಎಷ್ಟೋ ಕೊಟ್ಟು ಸೆಟ್ಲ್‌ಮೆಂಟ್ ಮಾಡಿ ಮುಗಿಸಿ ಮಾರಾಯರೇ, ಕೋರ್ಟಿನಲ್ಲಿ ಮಕ್ಕಳ ಕಾಲವೂ ಹೋದೀತು.’ ಬ್ಯಾಂಕೂ ‘ಒಂದಾವರ್ತಿ ತೀರುವಳಿ’ಯ ಕಾಗದವನ್ನು ಮುಂದೆ ಚಾಚುತ್ತದೆ, ಬಡ್ಡಿಯಲ್ಲಿ ರಿಯಾಯಿತಿ ಕೊಡುತ್ತದೆ. ಬೇಡ ಎನ್ನುತ್ತೇವೆ. ಹಣ ಕಟ್ಟಿದ ಕ್ಷಣ ಆ ಸಾಲ ನಿಮ್ಮ ತಂದೆಯದೆಂದು ನೀವೇ ಒಪ್ಪಿದಂತೆ ವಾದಿಸಲು ದಾರಿಯಾಗುತ್ತದೆ; ವಂಚಕನ ಮೇಲಿನ ದೂರು ಅರ್ಧ ಸಾಯುತ್ತದೆ; ಒಳಗಿನಿಂದ ಅವನಿಗೆ ನೆರವಾದವರಿದ್ದರೆ ಅವರು ನಿಟ್ಟುಸಿರು ಬಿಡುತ್ತಾರೆ. ಪಿತೃಋಣ ತೀರಿಸುವುದು ಮಗನ ಧರ್ಮವೆಂಬ ಸಂಸ್ಕಾರವನ್ನು ಹಿರಿಯರು ಎತ್ತಿದರೆ, ಆ ‘ಪವಿತ್ರ ಬಾಧ್ಯತೆ’ಯನ್ನು ಹಿಂದೂ ಉತ್ತರಾಧಿಕಾರ ಕಾಯಿದೆಯೇ 2005ರ ಸೆಪ್ಟೆಂಬರ್ 9ರಿಂದ ಕೈಬಿಟ್ಟಿದೆಯೆಂದು ವಿನಯದಿಂದ ನೆನಪಿಸಬೇಕು. ಆ ಬಳಿಕದ ಸಾಲಕ್ಕೆ, ತಂದೆಯದೆಂಬ ಒಂದೇ ಕಾರಣದಿಂದ ಮಗನನ್ನು ಹಿಡಿಯುವಂತಿಲ್ಲ. ತಂದೆ ಬಿಟ್ಟುಹೋದ ಆಸ್ತಿಯ ಮಟ್ಟಿಗೆ ತಂದೆಯ ನಿಜವಾದ ಸಾಲಕ್ಕೆ ಬಾಧ್ಯತೆ ಉಂಟು, ಅದನ್ನು ಅಲ್ಲಗಳೆಯುವುದಿಲ್ಲ. ತಂದೆ ಮಾಡದ ಸಾಲಕ್ಕೆ ಯಾವ ಶಾಸ್ತ್ರದಲ್ಲಿ ಬಾಧ್ಯತೆ?

‘ಹತ್ತು ವರ್ಷ ಸತ್ತವರ ಹೆಸರಿನಲ್ಲೇ ಮನೆ ಬಿಟ್ಟದ್ದೇಕೆ?’ ಎಂದು ಕೇಳುವವರಿಗೂ ಒಂದು ಮಾತು. ಬಿಡುವುದಕ್ಕೆ ಕಾರಣಗಳಿವೆ. ನಾಲ್ವರು ಮಕ್ಕಳಲ್ಲಿ ಒಬ್ಬ ಹೊರದೇಶದಲ್ಲಿ, ಒಬ್ಬಳ ಸಹಿ ಸಿಗದು, ಪಾಲಿನ ಮಾತು ತೆಗೆದರೆ ಮನಸ್ತಾಪ, ತಾಯಿ ಇರುವವರೆಗೆ ಬೇಡವೆಂಬ ಸಂಕೋಚ. ಇವು ಮನುಷ್ಯ ಸಹಜ ವಿಳಂಬಗಳು. ಕಳ್ಳನಿಗೆ ಕೊಟ್ಟ ಪರವಾನಗಿಯಲ್ಲ. ಬೀಗ ಹಳತಾಗಿತ್ತೆಂದು ಕಳವಿನ ಮಾಲು ಕೊಂಡವನಿಗೆ ಹಕ್ಕು ಹುಟ್ಟುವುದಿಲ್ಲ.

ಉತ್ತರಪ್ರದೇಶದ ಆಜಮ್‌ಗಢದ ಲಾಲ್ ಬಿಹಾರಿಯ ಕಥೆ ದೇಶಕ್ಕೆಲ್ಲ ಗೊತ್ತು. ಬಂಧುಗಳು ಜಮೀನಿಗಾಗಿ ಆತನನ್ನು ಕಂದಾಯ ದಾಖಲೆಯಲ್ಲಿ ಸಾಯಿಸಿದ್ದರು. ಹೆಸರಿನ ಮುಂದೆ ‘ಮೃತಕ’ ಎಂದು ಸೇರಿಸಿಕೊಂಡು, ತನ್ನಂಥವರ ‘ಮೃತಕ ಸಂಘ’ ಕಟ್ಟಿ ಹೋರಾಡಿದ ಆತ 1994ರಲ್ಲಿ ಕಾಗದದ ಮೇಲೆ ಮತ್ತೆ ಬದುಕಿದ. ಬದುಕಿದ್ದವನು ಕಚೇರಿಯ ಮುಂದೆ ನಿಂತು ‘ನಾನಿದ್ದೇನೆ’ ಎಂದು ಕೂಗಬಲ್ಲವನಾಗಿದ್ದ. ಆ ಕೂಗಿಗೂ ಅಷ್ಟು ವರ್ಷ ಹಿಡಿಯಿತು. ಸತ್ತವನು ಬಂದು ‘ನಾನಿಲ್ಲ’ ಎನ್ನಲಾರ. ಆತನ ಪರವಾಗಿ ಕೂಗುವವರಿಗೆ ಕಾನೂನು ಇಟ್ಟಿರುವ ದಾರಿ ಹೀಗಿದೆ.

ಮೊದಲು ಇಂಡೆಕ್ಸ್-2 ಮತ್ತು ದಸ್ತಾವೇಜಿನ ದೃಢೀಕೃತ ಪ್ರತಿ ತೆಗೆಯಬೇಕು. ಅದರಲ್ಲಿ ಅಪರಿಚಿತನ ಮುಖವೂ ಹೆಬ್ಬೆಟ್ಟೂ ಸಾಕ್ಷಿಗಳ ಹೆಸರೂ ಇರುತ್ತವೆ, ಇದೇ ನಿಮ್ಮ ಅತ್ಯುತ್ತಮ ಪುರಾವೆ. ಪೊಲೀಸರಿಗೆ ದೂರು: ಕೃತ್ಯ 2024ರ ಜುಲೈ 1ಕ್ಕೆ ಹಿಂದಿನದಾದರೆ ಹಳೆಯ ದಂಡಸಂಹಿತೆ, ಆಮೇಲಿನದಾದರೆ ಭಾರತೀಯ ನ್ಯಾಯ ಸಂಹಿತೆಯ 319, 336, 338, 340. ಬ್ಯಾಂಕಿಗೆ ಮರಣ ಪ್ರಮಾಣಪತ್ರದೊಡನೆ ಬರಹದ ಆಕ್ಷೇಪಣೆ, ಸ್ವೀಕೃತಿಯ ಮೊಹರಿನೊಂದಿಗೆ. ಸೊಸೈಟಿಯ ಕಾರ್ಯದರ್ಶಿಗೂ ಒಂದು ಪತ್ರ. ಅನಂತರ 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 31 ಮತ್ತು 34ನೆಯ ಕಲಮುಗಳಡಿ ದಸ್ತಾವೇಜಿನ ರದ್ದತಿಗೂ ಹಕ್ಕಿನ ಘೋಷಣೆಗೂ ದಾವೆ. ರದ್ದತಿಗೆ ವಿಷಯ ತಿಳಿದ ದಿನದಿಂದ ಮೂರು ವರ್ಷದ ಕಾಲಮಿತಿ. ಮುಂಬಯಿಯಲ್ಲಿ ಇನ್ನೊಂದು ಗಂಟು ಇದೆ, ಊರಿನ ವಕೀಲರಿಗೆ ಇದು ಹೊಳೆಯದಿರಬಹುದು: ದಾವೆ ಹೂಡಿದರಷ್ಟೇ ಸಾಲದು, 1939ರ ಬೊಂಬಾಯಿ ತಿದ್ದುಪಡಿಯಂತೆ ದಾವೆ ನಡೆಯುತ್ತಿರುವ ನೋಟೀಸನ್ನೂ ನೋಂದಾಯಿಸಬೇಕು. ಇಲ್ಲವಾದರೆ ದಾವೆಯ ನಡುವೆ ಮನೆ ಕೊಂಡವನು ಆ ತೀರ್ಪಿಗೆ ತಾನು ಬದ್ಧನಲ್ಲವೆನ್ನಬಹುದು.

ನಮ್ಮ ಸಂಘಗಳು ಯಕ್ಷಗಾನಕ್ಕೂ ಕ್ರಿಕೆಟ್ಟಿಗೂ ಸಮಿತಿ ಮಾಡಿವೆ, ಅದು ತಪ್ಪಲ್ಲ. ಕುರ್ಲಾ ತಾಲೂಕಿನಲ್ಲೇ ಇಷ್ಟೊಂದು ಕನ್ನಡ ವಕೀಲರೂ ನಿವೃತ್ತ ಬ್ಯಾಂಕ್ ಅಧಿಕಾರಿಗಳೂ ಇರುವಾಗ, ನುಡಿನಮನದ ಸಭೆ ಮುಗಿದ ಮಾರನೆಯ ವಾರ ಆ ಮನೆಯವರನ್ನು ಕೂರಿಸಿ ಸೊಸೈಟಿ, ಆಧಾರ್, ಬ್ಯಾಂಕು, ನೋಂದಣಿ ಕಚೇರಿಗಳಿಗೆ ಮರಣದ ಸೂಚನೆ ಬರೆಸುವ ಒಂದು ಮೇಜು ಏಕಿಲ್ಲ? ಊರಿನ ಮರಣ ಪ್ರಮಾಣಪತ್ರವನ್ನೂ ಮುಂಬಯಿಯ ಶೇರು ಪತ್ರವನ್ನೂ ಪಕ್ಕಪಕ್ಕದಲ್ಲಿಟ್ಟು ಹೆಸರಿನ ಅಫಿಡವಿಟ್ಟನ್ನು ಆಗಲೇ ಮಾಡಿಸಿಟ್ಟರೆ, ಮುಂದೊಂದು ದಿನ ನ್ಯಾಯಾಲಯದಲ್ಲಿ ಅರ್ಧ ವರ್ಷ ಉಳಿಯುತ್ತದೆ.

ದಾವೆ ಗೆದ್ದ ಮೇಲೆ ಏನಾಗುತ್ತದೆಂಬುದನ್ನೂ ಹೇಳಬೇಕು. 31ನೆಯ ಕಲಮಿನ ಎರಡನೆಯ ಉಪಕಲಮಿನಂತೆ ನ್ಯಾಯಾಲಯ ತನ್ನ ಡಿಕ್ರಿಯ ಪ್ರತಿಯನ್ನು ನೋಂದಣಿ ಕಚೇರಿಗೆ ಕಳಿಸುತ್ತದೆ. ಅಧಿಕಾರಿ ತನ್ನ ಪುಸ್ತಕದಲ್ಲಿರುವ ದಸ್ತಾವೇಜಿನ ಪ್ರತಿಯ ಮೇಲೆ ಅದು ರದ್ದಾಗಿದೆಯೆಂದು ಟಿಪ್ಪಣಿ ಬರೆಯುತ್ತಾನೆ. ದಸ್ತಾವೇಜನ್ನು ಪುಸ್ತಕದಿಂದ ಯಾರೂ ತೆಗೆಯುವುದಿಲ್ಲ. ಶುಲ್ಕ ಕಟ್ಟಿ ಪ್ರತಿ ಕೇಳಿದವರಿಗೆ ಆ ಪುಟವನ್ನು ಮುಂದೆಯೂ ಕೊಡುತ್ತಾರೆ. ಅಂಚಿನಲ್ಲಿ ಒಂದು ಸಾಲಿನ ಟಿಪ್ಪಣಿ, ಕೆಳಗೆ ನಮ್ಮ ತಂದೆಯ ಹೆಸರು, ಹೆಸರಿನ ಪಕ್ಕದಲ್ಲಿ ಅಪರಿಚಿತನ ಭಾವಚಿತ್ರ.